ಊರಿಗೆ ಬಂದವರು ಅತಿಥಿಯಲ್ಲ

‘ಟಿಕೇಟು ಆಗಿದೆಯಂತೆ’ ಎಂಬ ಒಂದು ಮಾತು ಸಾಕು, ಮನೆಯ ಕಳೆಯೇ ಬದಲಾಗುತ್ತದೆ. ಗೋಡೆಗೆ ಸುಣ್ಣಬಣ್ಣ ಬೀಳುತ್ತದೆ. ಅಂಗಳದ ಪಾಚಿ ತಿಕ್ಕಿ ತೊಳೆಯುವ ಕೆಲಸ ನಡೆಯುತ್ತದೆ. ಮಗನಿಗೆ ಇಷ್ಟವೆಂದು ತಾಯಿ ಉಪ್ಪಿನಕಾಯಿ ಹಾಕಿಡುತ್ತಾರೆ. ಮಕ್ಕಳು ಕ್ಯಾಲೆಂಡರ್ ಮುಂದೆ ನಿಂತು ದಿನ ಎಣಿಸುತ್ತಾರೆ.

ಮಂಗಳೂರು, ಉಡುಪಿ, ಭಟ್ಕಳ ಕಡೆಯ ಎಷ್ಟೋ ಮುಸ್ಲಿಂ ಮನೆಗಳಿಗೆ ಇದು ಹೊಸತಲ್ಲ. ಹಿಂದೆ ಮುಂಬಯಿಯಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ಊರು ಸೇರಬೇಕಿತ್ತು. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಶುರುವಾದ ಮೇಲೆ ದಾರಿ ಹತ್ತಿರವಾಯಿತು. ಈಗಂತೂ ದಿನವೂ ಫೋನಿನಲ್ಲಿ ಮುಖ ನೋಡಿ ಮಾತಾಡಬಹುದು. ಆದರೆ ಎರಡು ಮೂರು ವರ್ಷಗಳ ಬಳಿಕ ಮನೆಯ ಮೆಟ್ಟಿಲು ಹತ್ತುವವರಿಗೂ ಬಾಗಿಲಲ್ಲಿ ಕಾದು ನಿಂತವರಿಗೂ ನಡುವೆ ಇನ್ನೊಂದು ದೂರವಿದೆ. ಅದನ್ನು ಮನೆಯವರೇ ದಾಟಬೇಕು.

ಸಹೋದರಿಯರೇ, ಅದಕ್ಕೆ ಸಿಗುವ ದಿನಗಳಾದರೂ ಎಷ್ಟು? ಯುಎಇಯ ಕಾನೂನಿನಂತೆ ವರ್ಷ ಪೂರೈಸಿದವರಿಗೆ 30 ದಿನಗಳ ರಜೆ. ಸೌದಿಯಲ್ಲಿ 21 ದಿನ, ಒಂದೇ ಕಡೆ 5 ವರ್ಷ ದುಡಿದರೆ 30 ದಿನ. ಮೊದಲ ವಾರ ನೋಡಲು ಬರುವವರಿಗೆ ಚಹಾ ಕೊಡುವುದರಲ್ಲೇ ಮುಗಿಯುತ್ತದೆ. ಎರಡನೆಯ ವಾರ ನೆಂಟರ ಮನೆ, ಮದುವೆ. ಮೂರನೆಯ ವಾರ ಜಾಗದ ಕಾಗದಪತ್ರ, ಬ್ಯಾಂಕು, ಮನೆ ಕಟ್ಟುವ ಮೇಸ್ತ್ರಿ. ಆಮೇಲೆ ಪೆಟ್ಟಿಗೆ ಕಟ್ಟುವ ದಿನ ಬಂದೇ ಬಿಡುತ್ತದೆ. ಅಷ್ಟೂ ದಿನ ಹೆಂಡತಿ ಅಡುಗೆ ಮನೆಯಲ್ಲಿ, ಗಂಡ ಚಾವಡಿಯಲ್ಲಿ!

ಇದಕ್ಕೆ ಕಾರಣ ಪ್ರೀತಿಯ ಕೊರತೆಯಲ್ಲ. ನಾವು ಅವರನ್ನು ಅತಿಥಿಯನ್ನಾಗಿ ಮಾಡಿಬಿಡುತ್ತೇವೆ, ಅಷ್ಟೆ. ಅತಿಥಿಗೆ ಒಳ್ಳೆಯ ತಟ್ಟೆಯಲ್ಲಿ ಬಡಿಸುತ್ತೇವೆ, ಆದರೆ ಮನೆಯ ನೋವು ಹೇಳುವುದಿಲ್ಲ. ‘ನಾಲ್ಕು ದಿನಕ್ಕೆ ಬಂದವರಿಗೆ ಯಾಕೆ ಬೇಸರ’ ಎಂದು ಅತ್ತೆಯ ಸಕ್ಕರೆ ಕಾಯಿಲೆ, ಅಡವಿಟ್ಟ ಬಳೆ, ಮಗ ಗಣಿತದಲ್ಲಿ ಫೇಲಾದದ್ದು ಎಲ್ಲವನ್ನೂ ಮುಚ್ಚಿಡುತ್ತೇವೆ. ಅವರೂ ಅಷ್ಟೇ. ಆರು ಮಂದಿ ಮಲಗುವ ಕೋಣೆ, ತಡವಾಗುವ ಸಂಬಳ, ರಾತ್ರಿ ಬಾರದ ನಿದ್ದೆ, ಇವು ಯಾವುವೂ ಅವರ ಬಾಯಿಂದ ಬರುವುದಿಲ್ಲ. ಎರಡೂ ಕಡೆಯವರು ಸುಖದ ಮುಖವನ್ನೇ ತೋರಿಸಿ ಬೀಳ್ಕೊಡುತ್ತಾರೆ. ಇಲ್ಲಿಯವರು ‘ಅಲ್ಲಿ ಬೇಕಾದಷ್ಟಿದೆ’ ಎಂದುಕೊಂಡರೆ, ಅಲ್ಲಿಯವರು ‘ಮನೆಯಲ್ಲಿ ಎಲ್ಲ ಸರಿಯಿದೆ’ ಎಂದುಕೊಳ್ಳುತ್ತಾರೆ. ಸಾಲ ಬೆಳೆಯುವುದೂ, ವರ್ಷಗಳು ಕಳೆಯುವುದೂ ಹೀಗೆಯೇ.

ಮೊದಲು ಬರುವ ಕ್ಷಣವನ್ನೇ ನೋಡೋಣ. ಹೇಳದೆ ಕೇಳದೆ ಬಂದು ಬಾಗಿಲು ತಟ್ಟಿ ಬೆರಗುಗೊಳಿಸುವುದು ಇತ್ತೀಚೆಗೆ ಒಂದು ಖಯಾಲಿಯಾಗಿದೆ. ಆದರೆ ದೀರ್ಘ ಕಾಲದ ಬಳಿಕ ಮರಳುವವರು ಸೂಚನೆಯಿಲ್ಲದೆ ರಾತ್ರಿ ಹೊತ್ತು ಮನೆಗೆ ಬರಬಾರದೆಂದೂ, ಮನೆಯಾಕೆಗೆ ತಲೆ ಬಾಚಿ ಸಿದ್ಧಳಾಗಲು ಸಮಯ ಸಿಗಲೆಂದೂ ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ಕಾದು ಕುಳಿತ ಹೆಣ್ಣಿನ ಮನಸ್ಸನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದಾರೆ ನೋಡಿ!

ಇನ್ನು ಮಕ್ಕಳು. ಫೋನಿನಲ್ಲಿ ‘ಅಪ್ಪಾ’ ಎಂದು ಕುಣಿಯುತ್ತಿದ್ದ ಮಗು, ಅಪ್ಪ ಎದುರು ಬಂದಾಗ ನಿಮ್ಮ ಸೆರಗಿನ ಹಿಂದೆ ಅಡಗಬಹುದು. ‘ಹೋಗು, ಮುತ್ತು ಕೊಡು’ ಎಂದು ಮಗುವನ್ನು ನೂಕಬೇಡಿ. ನೆರೆದವರ ಮುಂದೆ ನಗಬೇಡಿ. ಚಾಕಲೇಟು ಕೊಟ್ಟು ಒಲಿಸುವುದಕ್ಕಿಂತ ಮಗುವಿನ ನಿತ್ಯದ ಕೆಲಸಗಳನ್ನು ತಂದೆಯ ಕೈಗೆ ಕೊಡಿ. ಮದ್ರಸಕ್ಕೆ ಬಿಟ್ಟು ಬರುವುದು, ತಲೆಗೆ ಎಣ್ಣೆ ಹಚ್ಚುವುದು, ಮಲಗುವಾಗ ಕತೆ ಹೇಳುವುದು. ಮಕ್ಕಳನ್ನು ಮುದ್ದಿಸಲು ಸಂಕೋಚಪಡುವ ತಂದೆಯರೂ ಇದ್ದಾರೆ. ಪ್ರವಾದಿ(ಸ)ರು ಮೊಮ್ಮಗ ಹಸನ್(ರ)ರಿಗೆ ಮುತ್ತಿಟ್ಟಾಗ ಅಕ್ರಅ್ ಬಿನ್ ಹಾಬಿಸ್ ಎಂಬವರು, ತನಗೆ ಹತ್ತು ಮಕ್ಕಳಿದ್ದರೂ ಯಾರಿಗೂ ಮುತ್ತಿಟ್ಟಿಲ್ಲ ಎಂದರು. ಕರುಣೆ ತೋರದವನಿಗೆ ಕರುಣೆ ಸಿಗದು ಎಂಬುದು ಪ್ರವಾದಿ(ಸ)ರ ಉತ್ತರವಾಗಿತ್ತು.

ಗಂಡ ದೂರವಿದ್ದಾಗ ಮನೆ ನಡೆಸಿದವರು ನೀವು. ಕರೆಂಟ್ ಬಿಲ್ಲು, ಶಾಲೆಯ ಸಭೆ, ನಡುರಾತ್ರಿ ಜ್ವರ ಬಂದ ಮಗುವನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದದ್ದು, ಎಲ್ಲವೂ ನಿಮ್ಮ ಕೈಯಿಂದಲೇ ಆದದ್ದು. ಬಂದ ಮರುದಿನವೇ ಅವರು ಖರ್ಚಿನ ತನಿಖೆಗೆ ಕುಳಿತರೆ ನಿಮಗೆ ನೋವಾಗುವುದು ಸಹಜ. ಅವರ ಜಾಗವೇ ಇಲ್ಲದಂತೆ ನೀವೊಬ್ಬರೇ ಎಲ್ಲವನ್ನೂ ತೀರ್ಮಾನಿಸಿದರೆ ಅವರಿಗೂ ನೋವಾಗುತ್ತದೆ. ಆದ್ದರಿಂದ ಮೊದಲ ವಾರದಲ್ಲೇ ಒಂದು ದಿನ ಇಶಾ ನಮಾಝಿನ ಬಳಿಕ ಲೆಕ್ಕದ ಪುಸ್ತಕ ತೆರೆದು ಒಟ್ಟಿಗೆ ಕುಳಿತುಕೊಳ್ಳಿ. ಸಾಲವನ್ನೂ ಹೇಳಿ, ಅಡವಿಟ್ಟದ್ದನ್ನೂ ಹೇಳಿ. ಪರಸ್ಪರ ಸಮಾಲೋಚಿಸಿ ವ್ಯವಹಾರ ನಡೆಸುವವರನ್ನು ಕುರ್‌ಆನ್ ಶೂರಾ ಅಧ್ಯಾಯದಲ್ಲಿ ಪ್ರಶಂಸಿಸಿದೆ. ಆ ಸಮಾಲೋಚನೆ ಮನೆಯೊಳಗೂ ಇರಬೇಕಲ್ಲವೇ?

ತಾಯಿಗೂ ಮಗನ ಮೇಲೆ ಹಕ್ಕಿದೆ. ಅವರು ಅಮ್ಮನ ಬಳಿ ಕುಳಿತ ಹೊತ್ತನ್ನು ನೀವು ಗಂಟೆಯಲ್ಲಿ ಅಳೆಯಬೇಡಿ. ಅತ್ತೆಯಂದಿರಲ್ಲಿಯೂ ಒಂದು ವಿನಂತಿ. ‘ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ನೀವಿಬ್ಬರೂ ಹೋಗಿ ಬನ್ನಿ’ ಎಂಬ ಮಾತು ನಿಮ್ಮ ಬಾಯಿಂದಲೇ ಬರಲಿ. ಆ ಒಂದು ಮಾತನ್ನು ಸೊಸೆ ಜನ್ಮವಿಡೀ ನೆನೆಯುತ್ತಾಳೆ.

ಪೆಟ್ಟಿಗೆಯ ವಿಷಯವನ್ನೂ ಹೇಳಲೇಬೇಕು. ಅತ್ತರು, ಹಾಲಿನ ಪುಡಿ, ಬುರ್ಖಾದ ಬಟ್ಟೆ ಎಂದು ಪಟ್ಟಿ ಕಳಿಸುವ ಮುನ್ನ ಅದು ಯಾರ ಬೆವರು ಎಂದು ಯೋಚಿಸಿ. ನೆಂಟರಿಗೆ ಕೊಡಲು ಕಡಿಮೆಯಾಯಿತೆಂದು ಅವರು ತಲೆ ತಗ್ಗಿಸುವಂತಾಗಬಾರದು. ‘ಈ ಸಲ ಏನೂ ತರಬೇಡಿ, ನೀವು ಬಂದರೆ ಸಾಕು’ ಎಂದು ಮುಂಚೆಯೇ ಹೇಳಿ.

ಪ್ರಯಾಣವು ಯಾತನೆಯ ಒಂದು ಪಾಲು, ಕೆಲಸ ಮುಗಿದವನು ಬೇಗನೆ ಮನೆಯವರ ಬಳಿಗೆ ಮರಳಲಿ ಎಂಬುದು ಪ್ರವಾದಿ ವಚನದ ಸಾರ. ಆದರೆ ನಮ್ಮ ಮನೆಗಳಲ್ಲಿ ಕೆಲಸ ಎಂದು ಮುಗಿಯುತ್ತದೆ ಎಂದು ಕೇಳುವವರೇ ಇಲ್ಲ. ಮನೆಯಾಯಿತು ಎನ್ನುವಾಗ ಮಹಡಿ, ಮಹಡಿಯಾಯಿತು ಎನ್ನುವಾಗ ಕಾರು. 2020ರ ಕೊರೋನಾ ಕಾಲದಲ್ಲಿ ಕೆಲಸ ಕಳೆದುಕೊಂಡು ಬರಿಗೈಯಲ್ಲಿ ಬಂದವರನ್ನು ನಾವು ಕಂಡಿದ್ದೇವೆ. ರಜೆ ಮುಗಿಯುವ ಮುನ್ನ ಇಬ್ಬರೂ ಕುಳಿತು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಇನ್ನು ಎಷ್ಟು ವರ್ಷ? ಸಾಲ ಎಷ್ಟು, ಮಕ್ಕಳ ಓದಿಗೆ ಎಷ್ಟು, ಊರಿನಲ್ಲಿ ಬದುಕಲು ಎಷ್ಟು ಸಾಕು? ಉತ್ತರವನ್ನು ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಮುಂದಿನ ಸಲ ಟಿಕೇಟು ಆದಾಗ ಆ ಪುಟ ತೆರೆದು ನೋಡಿ.