ಕೊಳ್ಳತಕ್ಕ ಪುಸ್ತಕ, ಎರವಲು ತರತಕ್ಕ ಪುಸ್ತಕ

ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಮಕ್ಕಳ ಕಿವಿಗೆ ಬೀಳುವುದು ಹೆಚ್ಚಾಗಿ ತೆಲುಗು. ಕನ್ನಡವು ಅವರಿಗೆ ಬಹುಮಟ್ಟಿಗೆ ಪುಸ್ತಕಗಳಿಂದಲೇ ದೊರೆಯಬೇಕು. ಆದುದರಿಂದ ಪುಸ್ತಕಕ್ಕೆಂದು ತೆಗೆದಿರಿಸಿದ ಅಲ್ಪ ಹಣವನ್ನು ಯೋಚಿಸಿಯೇ ವ್ಯಯಿಸಬೇಕಾಗಿದೆ. ಒಮ್ಮೆ ಓದಿ ಮುಗಿಸುವ ಕಾದಂಬರಿಯನ್ನು ಗ್ರಂಥಾಲಯದಿಂದ ತಂದರೆ ಸಾಕು. ಪದ್ಯಸಂಗ್ರಹದ ವಿಷಯದಲ್ಲಿ ನಾವು ತುಸು ಪಕ್ಷಪಾತಿಗಳು. ಬಾಯಿಪಾಠವಾಗುವವರೆಗಾದರೂ ಅದು ಮನೆಯಲ್ಲಿರಬೇಕು. ನಿಘಂಟನ್ನಂತೂ ಕೊಳ್ಳಲೇಬೇಕು. ಅದು ಹಳೆಯದಾದರೂ ಚಿಂತೆಯಿಲ್ಲ: 1894ರಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ವಿದ್ವಾಂಸರು ಇಂದಿಗೂ ತೆರೆದು ನೋಡುತ್ತಾರೆ.

ಭೂಗೋಳದ ಪುಸ್ತಕದ ಮಾತು ಬೇರೆ. 2022ರ ಏಪ್ರಿಲ್‌ನಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಅದಕ್ಕೆ ಹಿಂದಿನ ಪುಸ್ತಕವು ಎರಡನ್ನೂ ಒಂದೇ ಜಿಲ್ಲೆಯಲ್ಲಿ ತೋರಿಸುತ್ತದೆ. ಇಂಥದನ್ನು ಕೊಳ್ಳುವಾಗ ಹೊದಿಕೆಯ ಚಿತ್ರಕ್ಕೆ ಮರುಳಾಗದೆ ಒಳಪುಟದ ವರ್ಷವನ್ನು ನೋಡಿರಿ. ಅದು ಪರಿಷ್ಕರಿಸಿದ ವರ್ಷವೋ, ಬರಿಯ ಮರುಮುದ್ರಣದ ವರ್ಷವೋ ಎಂಬುದನ್ನೂ ವಿಚಾರಿಸಿರಿ.