ಮೂರ್ಛೆಯ ಮದ್ದು ಮತ್ತು ಮನಸ್ಸು

ನಮ್ಮ ಪ್ರಯೋಗಶಾಲೆಯಲ್ಲಿ ಬಹು ಸೌಮ್ಯನೆಂದು ಹೆಸರಾಗಿದ್ದ ವಿದ್ಯಾರ್ಥಿಯೊಬ್ಬನು ಒಂದು ದಿನ ಲೋಲಕದ ಪ್ರಯೋಗವನ್ನು ಮಾಡುತ್ತಿದ್ದನು. ಜೊತೆಯವನು ಆಂದೋಲನಗಳನ್ನು ತಪ್ಪಾಗಿ ಎಣಿಸಿದನೆಂಬ ಅಲ್ಪ ಕಾರಣಕ್ಕೆ ಕೈಯಲ್ಲಿದ್ದ ಗಡಿಯಾರವನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ನಡೆದುಬಿಟ್ಟನು. ಮರುದಿನ ತಾನೇ ಬಂದು ಕ್ಷಮೆ ಬೇಡಿದನು. “ಸಿಟ್ಟು ಎಲ್ಲಿಂದ ಬರುತ್ತದೆಯೋ ನನಗೇ ತಿಳಿಯದು, ಸಾರ್” ಎಂದನು. ಅವನಿಗೆ ಮೂರ್ಛೆರೋಗವಿತ್ತು. ಮೂರು ವಾರಗಳ ಹಿಂದೆ ವೈದ್ಯರು ಹೊಸ ಮಾತ್ರೆಯನ್ನು ಆರಂಭಿಸಿದ್ದರು. ಅಂದಿನಿಂದ ಮೂರ್ಛೆ ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಇವೆರಡಕ್ಕೂ ಸಂಬಂಧವುಂಟೆ?

ಉತ್ತರವನ್ನು ತಿಳಿಯಲು ಮೆದುಳಿನ ವಿದ್ಯುತ್ತಿನಿಂದ ಹೊರಡಬೇಕು. ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದನು. ನಮ್ಮ ನರಕೋಶಗಳು ವಿದ್ಯುತ್ ಸ್ಪಂದನಗಳ ಮೂಲಕ ಮಾತನಾಡಿಕೊಳ್ಳುತ್ತವೆ. ಸಂತೆಯಲ್ಲಿ ಸಾವಿರ ಜನರು ಸಾವಿರ ಮಾತುಗಳನ್ನಾಡುವಾಗ ದೂರದಲ್ಲಿ ನಿಂತವನಿಗೆ ಕೇಳುವುದು ಬರಿಯ ಗುಜುಗುಜು. ಅಷ್ಟು ಜನರೂ ಒಮ್ಮೆಲೇ, ಒಂದೇ ತಾಳಕ್ಕೆ ಕೂಗತೊಡಗಿದರೆ? ಮೆದುಳಿನಲ್ಲಿ ಏಳುವ ಅಂತಹ ಕೂಗೇ ಮೂರ್ಛೆ.

ಈ ಕೂಗನ್ನು ಅಡಗಿಸುವುದು ಮದ್ದಿನ ಕೆಲಸ. ಫೆನಿಟಾಯಿನ್ ಮತ್ತು ಕಾರ್ಬಮಜಪೀನ್ ಎಂಬುವು ನರಕೋಶದೊಳಕ್ಕೆ ಸೋಡಿಯಂ ಅಯಾನುಗಳು ನುಗ್ಗುವ ದಾರಿಯನ್ನು ತಡೆಯುತ್ತವೆ. ಫೀನೊಬಾರ್ಬಿಟಾಲ್ ಎಂಬುದು ಮೆದುಳಿನಲ್ಲಿರುವ ಗಾಬಾ ಎಂಬ ಶಾಮಕ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತದೆ. ಆದರೆ ಇವೇ ದಾರಿಗಳು, ಇವೇ ರಾಸಾಯನಿಕಗಳು ನಮ್ಮ ಯೋಚನೆ, ನೆನಪು, ದುಃಖ, ಕೋಪಗಳಿಗೂ ಆಧಾರವಾಗಿವೆ. ಮಳೆಯು ಒಬ್ಬನ ಗದ್ದೆಯನ್ನೇ ಆರಿಸಿಕೊಂಡು ಸುರಿಯುವುದಿಲ್ಲ. ಮಾತ್ರೆಯೂ ರೋಗವಿರುವ ಮೂಲೆಯನ್ನು ಮಾತ್ರ ಹುಡುಕಿಕೊಂಡು ಹೋಗಲಾರದು.

ಇದು ಹೊಸ ಸಂಗತಿಯೇನೂ ಅಲ್ಲ. 1857ರಲ್ಲಿ ಲಂಡನ್ನಿನ ವೈದ್ಯ ಚಾರ್ಲ್ಸ್ ಲೋಕಾಕನು ಪೊಟ್ಯಾಸಿಯಂ ಬ್ರೋಮೈಡಿನ ಉಪಯೋಗವನ್ನು ತಿಳಿಸಿದನು. ಬ್ರೋಮೈಡು ದೇಹದಿಂದ ಬಹು ನಿಧಾನವಾಗಿ ಹೊರಹೋಗುತ್ತದೆ. ಅರ್ಧ ಕಡಿಮೆಯಾಗಲು ಸುಮಾರು 12 ದಿನಗಳೇ ಬೇಕು. ದಿನವೂ ಸೇವಿಸಿದವರಲ್ಲಿ ಅದು ಸಂಗ್ರಹವಾಗಿ ಮಂಕು, ಗೊಂದಲ, ಕೆಲವೊಮ್ಮೆ ಭ್ರಮೆಯನ್ನೂ ತಂದಿತು. 1912ರಲ್ಲಿ ಬಳಕೆಗೆ ಬಂದ ಫೀನೊಬಾರ್ಬಿಟಾಲು ದೊಡ್ಡವರಿಗೆ ತೂಕಡಿಕೆಯನ್ನು ತಂದರೆ ಅನೇಕ ಮಕ್ಕಳಿಗೆ ಅದಕ್ಕೆ ವಿರುದ್ಧವಾಗಿ ಚಡಪಡಿಕೆಯನ್ನು ತರುತ್ತದೆ. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು ಇಂದು ಬಹಳ ಬಳಕೆಯಲ್ಲಿರುವ ಲೆವೆಟಿರಸೆಟಮ್ ಕೆಲವರಲ್ಲಿ ಸಿಡುಕು, ಕೋಪ, ಖಿನ್ನತೆಗಳನ್ನು ಉಂಟುಮಾಡುತ್ತದೆ. ಟೋಪಿರಮೇಟ್ ಸೇವಿಸುವ ಕೆಲವರಿಗೆ ಬೇಕಾದ ಪದ ಬೇಕಾದಾಗ ನಾಲಗೆಗೆ ಬಾರದು. ಎಲ್ಲ ಮದ್ದುಗಳೂ ಹೀಗಲ್ಲ. ವಾಲ್‌ಪ್ರೋಯೇಟ್, ಕಾರ್ಬಮಜಪೀನ್, ಲ್ಯಾಮೊಟ್ರಿಜಿನ್ ಇವುಗಳನ್ನು ಮನಸ್ಸಿನ ಏರಿಳಿತವನ್ನು ಸ್ಥಿಮಿತಕ್ಕೆ ತರುವುದಕ್ಕೂ ವೈದ್ಯರು ಬಳಸುತ್ತಾರೆ.

ಅಪಾಯವೆಷ್ಟು? 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 11 ಮದ್ದುಗಳ ಮೇಲೆ ನಡೆದ 199 ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಿತು. ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆಯು ಹುಸಿ ಮಾತ್ರೆ ಪಡೆದವರಲ್ಲಿ ಶೇಕಡಾ 0.24, ನಿಜ ಮದ್ದು ಪಡೆದವರಲ್ಲಿ ಶೇಕಡಾ 0.43 ಕಂಡುಬಂದಿತು. ಈ ಅಂಕಿಗಳನ್ನು ವಿದ್ಯಾರ್ಥಿಗಳು ಎಚ್ಚರಿಕೆಯಿಂದ ಓದಬೇಕು. ‘ಸುಮಾರು ಇಮ್ಮಡಿ’ ಎಂದರೆ ಭಯವಾಗುತ್ತದೆ. ‘10,000 ಮಂದಿಯಲ್ಲಿ 24ರ ಬದಲು 43’ ಎಂದರೆ ಅಪಾಯವು ವಿರಳವೆಂದು ತಿಳಿಯುತ್ತದೆ. ಎರಡೂ ನಿಜವೇ. ಇಷ್ಟೇ ಅಲ್ಲದೆ, ಮೂರ್ಛೆರೋಗವಿರುವವರಲ್ಲಿ ಮದ್ದಿಲ್ಲದಿದ್ದರೂ ಖಿನ್ನತೆ ಇತರರಿಗಿಂತ ಹೆಚ್ಚು. ಮೆದುಳಿನೊಳಗಿನ ವ್ಯತ್ಯಾಸವೂ, ನೆರೆಹೊರೆಯವರ ಓರೆನೋಟವೂ ಅದಕ್ಕೆ ಕಾರಣಗಳು. ಆದುದರಿಂದ ಯಾವುದು ರೋಗದ್ದು, ಯಾವುದು ಮದ್ದಿನದು ಎಂದು ಬೇರ್ಪಡಿಸುವುದು ಸುಲಭವಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಮಾತ್ರೆಯನ್ನು ತಾನಾಗಿ ನಿಲ್ಲಿಸಲೇಬಾರದು. ಥಟ್ಟನೆ ನಿಲ್ಲಿಸಿದರೆ ಮೂರ್ಛೆಯು ಬಿಡದೆ ಮುಂದುವರಿದು ಪ್ರಾಣಕ್ಕೇ ಅಪಾಯವಾಗಬಹುದು. ಎರಡನೆಯದಾಗಿ, ಹಿಂದೆ ಖಿನ್ನತೆ ಇದ್ದಿದ್ದರೆ ಅದನ್ನು ಮದ್ದು ಆರಂಭಿಸುವ ಮುನ್ನವೇ ವೈದ್ಯರಿಗೆ ತಿಳಿಸಬೇಕು. ಮೂರನೆಯದಾಗಿ, ವಿಜ್ಞಾನದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಉಪಾಯ: ವೀಕ್ಷಣೆಯನ್ನು ಬರೆದಿಡುವುದು. ತಾರೀಖು, ಮಾತ್ರೆಯ ಪ್ರಮಾಣ, ನಿದ್ರೆ, ಮನಸ್ಸಿನ ಸ್ಥಿತಿ, ಇಷ್ಟನ್ನು ದಿನವೂ ಒಂದು ಸಾಲಿನಲ್ಲಿ ಬರೆದರೆ ಸಾಕು. ಪ್ರಮಾಣವನ್ನು ಇಳಿಸಲು, ಕ್ರಮಕ್ರಮವಾಗಿ ಮದ್ದನ್ನು ಬದಲಿಸಲು ವೈದ್ಯರಿಗೆ ಅದೇ ಆಧಾರ. ಸಾಯುವ ಯೋಚನೆ ಸುಳಿದರಂತೂ ಆ ಕ್ಷಣವೇ ಮನೆಯವರಿಗೂ ವೈದ್ಯರಿಗೂ ಹೇಳಬೇಕು. 2022ರಿಂದ ನಮ್ಮ ದೇಶದಲ್ಲಿ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಇದೆ, ಸಂಖ್ಯೆ 14416. ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ವಿದ್ಯಾರ್ಥಿಯೂ ಹೀಗೆಯೇ ಹದಿನೈದು ದಿನಗಳ ವಿವರವನ್ನು ಬರೆದು ವೈದ್ಯರಿಗೆ ತೋರಿಸಿದನು. ಅವರು ಕೆಲವು ವಾರಗಳ ಅವಧಿಯಲ್ಲಿ ಒಂದು ಮಾತ್ರೆಯನ್ನು ಇಳಿಸುತ್ತ ಇನ್ನೊಂದನ್ನು ಏರಿಸಿದರು. ನಡುವೆ ಒಮ್ಮೆ ಮೂರ್ಛೆಯೂ ಬಂದಿತು. ಕೊನೆಗೆ ಸಿಟ್ಟು ಇಳಿಯಿತು. ಆ ದಿನಗಳಲ್ಲಿ ಅವನನ್ನು ಹೆಚ್ಚಾಗಿ ನೋಯಿಸಿದ್ದು ಮಾತ್ರೆಯಲ್ಲ, “ಹುಡುಗನ ಗುಣವೇ ಕೆಟ್ಟಿತು” ಎಂದ ಮಾತು. ಆ ಮಾತನ್ನು ಮೊದಲ ದಿನ ಆಡಿದವರಲ್ಲಿ ನಾವೂ ಇದ್ದೆವು. ಒಬ್ಬನ ಸ್ವಭಾವ ಬದಲಾಯಿತೆಂದು ಕಂಡಾಗ, ಅವನ ಮಾತ್ರೆ ಬದಲಾಯಿತೆ ಎಂದು ಮೊದಲು ಕೇಳಬೇಕೆಂಬುದನ್ನು ನಾವು ಕಲಿತದ್ದು ಅವನಿಂದಲೇ.