ಮೆನು ಕಾರ್ಡ್ ಕೈಗೆ ಬಂದಾಗ...

ನಾಲ್ಕು ಸೆಮಿಸ್ಟರ್ ಗಣಿತವನ್ನು ಇಂಗ್ಲಿಷ್‌ನಲ್ಲೇ ಬರೆದು ಪಾಸಾದ ನಾವು, ಎ.ಸಿ. ರೆಸ್ಟೋರೆಂಟ್‌ನಲ್ಲಿ ಒಂದು ಲೋಟ ನೀರು ಕೇಳೋಕೆ ಪಕ್ಕದವನ ಮುಖ ನೋಡುತ್ತೇವೆ. ನಮ್ಮ ಹಾಸ್ಟೆಲ್‌ಗೆ ಹಾಸನ, ಗದಗ, ಚಳ್ಳಕೆರೆ ಕಡೆಯಿಂದ ಬಂದವರೆಲ್ಲರ ಪಾಡೂ ಇದೇ. ದರ್ಶಿನಿಯಲ್ಲಾದರೆ ನಾವೇ ರಾಜರು. ‘ಅಣ್ಣಾ, ಒಂದು ಸೆಟ್ ದೋಸೆ, ಬೈ ಟು ಕಾಫಿ’ ಅಂದರೆ ಮುಗೀತು. (ಈ ‘ಬೈ ಟು’ ಯಾವ ಇಂಗ್ಲಿಷ್ ಪಠ್ಯದಲ್ಲೂ ಇರಲಿಲ್ಲ, ಅದು ಅಪ್ಪಟ ನಮ್ಮದು!)

ಬರ್ತ್‌ಡೇ ಪಾರ್ಟಿ ಅಂತ ದೊಡ್ಡ ಜಾಗಕ್ಕೆ ಹೋದಾಗಲೇ ಫಜೀತಿ. ಬಾಗಿಲಲ್ಲಿ ‘ಎ ಟೇಬಲ್ ಫಾರ್ ಫೋರ್, ಪ್ಲೀಸ್’ ಅಂದರೆ ಸಾಕು. ಕೂತ ಕೂಡಲೇ ‘ರೆಗ್ಯುಲರ್ ವಾಟರ್ ಆರ್ ಬಾಟಲ್ಡ್?’ ಅನ್ನೋ ಪ್ರಶ್ನೆ ಬರುತ್ತೆ. ಸಂಕೋಚಕ್ಕೆ ಸುಮ್ಮನೆ ತಲೆಯಾಡಿಸಿದಿರೋ, ಬಾಟಲಿ ಟೇಬಲ್‌ಗೂ ಬರುತ್ತೆ, ಬಿಲ್ಲಿಗೂ ಬರುತ್ತೆ. ‘ರೆಗ್ಯುಲರ್ ಈಸ್ ಫೈನ್’ ಅನ್ನೋದರಲ್ಲಿ ಅವಮಾನವೇನಿಲ್ಲ. ಹಾಗೆ ಕೇಳಿದ ಹುಡುಗನನ್ನು ಒಮ್ಮೆ ಮಾತಾಡಿಸಿದೆ. ಅಸ್ಸಾಂನವನು. ಆ ವಾಕ್ಯವನ್ನು ಕೆಲಸಕ್ಕೆ ಸೇರಿದ ಮೊದಲ ವಾರ ಬಾಯಿಪಾಠ ಮಾಡಿದನಂತೆ! ಆಮೇಲೆ ಇಬ್ಬರೂ ಹರುಕುಮುರುಕು ಹಿಂದಿಗೆ ಇಳಿದೆವು. ಆರ್ಡರ್ ಮಾಡುವಾಗ ‘ಐ ವಾಂಟ್’ಗಿಂತ ‘ಕ್ಯಾನ್ ಐ ಹ್ಯಾವ್’ ಮೆತ್ತಗೆ, ನಮ್ಮ ‘ಕೊಡ್ತೀರಾ?’ ಇದ್ದ ಹಾಗೆ.

ಕೆಲವು ವಾಕ್ಯಗಳು ಮಾತ್ರ ಮರ್ಯಾದೆಗಲ್ಲ, ಪ್ರಾಣಕ್ಕೇ ಬೇಕು. ನನ್ನ ರೂಮ್‌ಮೇಟ್‌ಗೆ ಕಡಲೆಕಾಯಿ ಆಗೋದಿಲ್ಲ. ಸ್ವಲ್ಪ ಹೊಟ್ಟೆಗೆ ಹೋದರೂ ತುಟಿ ಊದಿ ಉಸಿರು ಕಟ್ಟುತ್ತೆ. ಊರಿನ ಮದುವೆಮನೆಗಳಲ್ಲಿ ಅವನಮ್ಮ ಅಡುಗೆಭಟ್ಟರನ್ನೇ ವಿಚಾರಿಸಿಕೊಂಡು ಬರುತ್ತಿದ್ದರು. ಇಲ್ಲಿ ಕೇಳೋಕೆ ನಾಚಿ, ಎಲ್ಲರೂ ಬಿರಿಯಾನಿ ತಿನ್ನುವಾಗ ಇವನು ಮೊಸರನ್ನ ತಿಂದು ಏಳುತ್ತಿದ್ದ. ಈಗ ‘ಐ ಆಮ್ ಅಲರ್ಜಿಕ್ ಟು ಪೀನಟ್ಸ್, ಪ್ಲೀಸ್ ಚೆಕ್ ವಿತ್ ದ ಕಿಚನ್’ ಅಂತ ನಿಧಾನಕ್ಕೆ, ಎರಡು ಸಲ ಹೇಳುತ್ತಾನೆ. ಬರೀ ‘ನಟ್ಸ್’ ಅಂದರೆ ಸಾಲದು. ಗೋಡಂಬಿ, ಬಾದಾಮಿ ಅಂತಷ್ಟೇ ತಿಳಿಯುವವರಿದ್ದಾರೆ. ಕಡಲೆಕಾಯಿ ಅವರೆ, ತೊಗರಿಯ ಕುಟುಂಬದ್ದು. ಅದನ್ನು ಬಿಡಿಸಿಯೇ ಹೇಳಬೇಕು. ಸಸ್ಯಾಹಾರಿ ಗೆಳೆಯರೂ ಥಾಯ್ ಊಟಕ್ಕೆ ಕೂತರೆ ‘ಡಸ್ ಇಟ್ ಹ್ಯಾವ್ ಫಿಶ್ ಸಾಸ್?’ ಅಂತ ಕೇಳುವುದು ಒಳ್ಳೆಯದು. ತರಕಾರಿ ಕರಿಗೂ ಅದು ಬೀಳುವುದುಂಟು.

ಎಂ.ಎಸ್. ಮಾಡಲು ಅಮೆರಿಕಕ್ಕೆ ಹೊರಟವರು ಇನ್ನೊಂದಿಷ್ಟು ಕಲಿಯಬೇಕು. ಅಲ್ಲಿ ‘ಪಾರ್ಸೆಲ್’ ಅಂದರೆ ಅಂಚೆಯ ಪೊಟ್ಟಣ. ಊಟ ಕಟ್ಟಿಸಿಕೊಳ್ಳೋಕೆ ‘ಟು ಗೋ’ ಅನ್ನಬೇಕು. ಬಿಲ್ಲಿಗೆ ‘ಚೆಕ್’ ಅಂತಾರೆ. ‘ಆಂಟ್ರೇ’ ಅಂದರೆ ಮುಖ್ಯ ಊಟ. ಅದೇ ಪದ ಆಸ್ಟ್ರೇಲಿಯಾದಲ್ಲಿ ಸ್ಟಾರ್ಟರ್!

ಈಗ ಬಿಲ್ಲಿಗೆ ಬನ್ನಿ. ಕೊನೆಯಲ್ಲಿ ‘ಸರ್ವಿಸ್ ಚಾರ್ಜ್’ ಇದೆಯಾ ನೋಡಿ. ಅದನ್ನು ತಾನಾಗಿ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಿಎಸ್‌ಟಿ ಬೇರೆ, ಅದು ತೆರಿಗೆ, ಕೊಡಲೇಬೇಕು. 2,000 ರೂಪಾಯಿ ಊಟಕ್ಕೆ ಶೇ 10 ಅಂದರೆ 200. ನಮಗದು ಎರಡು ದಿನದ ತಿಂಡಿಯ ದುಡ್ಡು. ಕಳೆದ ತಿಂಗಳು ರೂಮ್‌ಮೇಟೇ ‘ಪ್ಲೀಸ್ ರಿಮೂವ್ ದ ಸರ್ವಿಸ್ ಚಾರ್ಜ್’ ಅಂದ. ಮ್ಯಾನೇಜರ್ ಮುಖ ಸಿಂಡರಿಸಿಕೊಂಡೇ ಹೊಸ ಬಿಲ್ ತಂದರು. ಉಳಿದದ್ದರಲ್ಲಿ 50 ರೂಪಾಯಿಯನ್ನು ಬಡಿಸಿದ ಹುಡುಗನ ಕೈಗೇ ಕೊಟ್ಟು ಬಂದೆವು.